ಭಾವನ ಸೊಂಟದ ಅಳತೆ

ದರ್ಜಿಗೆ ಭಾವನನ್ನು ಕಂಡರೆ ಅಷ್ಟಕ್ಕಷ್ಟೇ. ಅಕ್ಕನ ಗಂಡ ಎಂಬ ಒಂದೇ ಮುಲಾಜಿಗೆ ಕುರ್ಚಿ ಕೊಡುತ್ತಿದ್ದ.

ಭಾವ ಕಾಲೇಜಿನ ಪ್ರಿನ್ಸಿಪಾಲರು. ರಸ್ತೆಯಲ್ಲಿ ತೂರಾಡುವವನನ್ನು ಕಂಡರೆ "ಥೂ, ಕುಡುಕ" ಎಂದು ಮೂಗು ಮುಚ್ಚಿಕೊಳ್ಳುವರು. ಸಂಜೆಯಾದರೆ ತಾವೇ ಲೋಟ ಹಿಡಿದು "ನಂದು ಬರೀ ಎರಡು ಪೆಗ್ಗು, ಔಷಧಿ ಥರ" ಎನ್ನುವರು. ಆ ಔಷಧಿ ಯಾವತ್ತೋ ಅರ್ಧ ಬಾಟಲಿಗೆ ಏರಿತ್ತು. ನಾಲಿಗೆ ಮಾತ್ರ ಎರಡರಲ್ಲೇ ನಿಂತಿತ್ತು.

ಅವತ್ತು ಹೊಸ ಸೂಟು ಹೊಲಿಸಲು ಬಂದರು. ದರ್ಜಿ ಟೇಪು ಸುತ್ತಿದ. ಹೋದ ವರ್ಷಕ್ಕಿಂತ ಸೊಂಟ ಐದು ಇಂಚು ಹೆಚ್ಚು, ತೋಳಿನ ಸುತ್ತಳತೆ ಒಂದೂವರೆ ಇಂಚು ಕಡಿಮೆ. ಬೊಜ್ಜಿನ ಹೊಟ್ಟೆ ಬೆರಳಿಗೆ ಮೆತ್ತಗೆ ಸಿಗುತ್ತದೆ. ಇದು ನೀರು ತುಂಬಿದ ಚೀಲದಂತೆ ಬಿಗಿದಿತ್ತು. ಪ್ಯಾಂಟಿನ ಉದ್ದ ಅಳೆಯಲು ಬಗ್ಗಿದರೆ, ಊದಿದ ಕಣಕಾಲಿನಲ್ಲಿ ಕಾಲುಚೀಲದ ಪಟ್ಟಿ ಕುಳಿ ಮಾಡಿತ್ತು. ಎದ್ದು ಮುಖ ನೋಡಿದ. ಕಣ್ಣು ಅರಿಶಿನ.

"ಭಾವ, ಇದು ಬೊಜ್ಜಲ್ಲ. ಡಾಕ್ಟರಿಗೆ ತೋರಿಸಿ."

"ನೀನು ಗುಂಡಿ ಹೊಲಿಯೋದು ನೋಡಯ್ಯ. ನಾನೇನು ಕುಡುಕನಾ?"

"ಬೀದೀಲಿ ಬಿದ್ದೋನಿಗೂ ನಿಮಗೂ ಇರೋದು ಒಂದೇ ಥರದ ಲಿವರ್. ಅದಕ್ಕೆ ನಿಮ್ಮ ಡಿಗ್ರಿ ಓದೋಕೆ ಬರಲ್ಲ."

ಪ್ರಿನ್ಸಿಪಾಲರು ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ದರ್ಜಿ ಅಕ್ಕನಿಗೆ ಫೋನ್ ಮಾಡಿದ.

"ಅವರನ್ನ ಕಂಡ್ರೆ ನಿನಗೆ ಮೊದಲಿಂದ್ಲೂ ಆಗಲ್ಲ."

"ಆಗಲ್ಲ ಅಕ್ಕ, ನಿಜ. ನೀನೇ ಅವರ ಕಣ್ಣು ಬೆಳಕಲ್ಲಿ ನೋಡು."

ಅಕ್ಕ ದನಿ ತಗ್ಗಿಸಿದಳು. "ಬೆಳಗ್ಗೆ ಕೈ ನಡುಗುತ್ತೆ ಕಣೋ. ಒಂದು ಗುಟುಕು ಹಾಕ್ದೆ ಶರಟಿನ ಗುಂಡಿ ಹಾಕೋಕಾಗಲ್ಲ."

ಮಾರನೆಯ ದಿನ ಅಕ್ಕ, ತಮ್ಮ ಇಬ್ಬರೂ ಸೇರಿ ಆಸ್ಪತ್ರೆಗೆ ಎಳೆದೊಯ್ದರು. ಎಷ್ಟು ಕುಡೀತೀರಿ ಎಂದು ಡಾಕ್ಟರು ಕೇಳಿದರು.

"ಎರಡೇ."

"ಅರ್ಧ ಬಾಟಲಿ, ದಿನಾ," ಎಂದಳು ಅಕ್ಕ, ಗಂಡನ ಕಡೆ ನೋಡದೆ.

ಲಿವರ್ ಗಟ್ಟಿಯಾಗತೊಡಗಿತ್ತು. ಇನ್ನು ಹನಿಯೂ ಕೂಡದು. ಹಾಗಂತ ಮನೆಯಲ್ಲೇ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಎಂದು ಡಾಕ್ಟರು ವಾರ್ಡಿಗೆ ಸೇರಿಸಿಕೊಂಡರು. ಮೂರನೇ ದಿನ ಪ್ರಿನ್ಸಿಪಾಲರು ಗೋಡೆಯ ಮೇಲೆ ಇಲ್ಲದ ಇರುವೆ ಹೆಕ್ಕುತ್ತ ನರ್ಸನ್ನು ಬೈಯುತ್ತಿದ್ದರು. ಘನತೆ ಎಂದರೆ ಇಷ್ಟೇ ಎಂದುಕೊಂಡ ದರ್ಜಿ, ಆದರೂ ಅವರ ಕಾಲು ಒತ್ತಿ ಹಿಡಿದು ಕೂತ.

ಬದುಕಿದರು. ಆರು ತಿಂಗಳಿಗೆ ಕಾಲೇಜಿನಲ್ಲಿ ಮದ್ಯದ ಕೇಡಿನ ಬಗ್ಗೆ ಭಾಷಣ ಬಿಗಿದರು: "ನನ್ನ ಸೂಕ್ಷ್ಮಬುದ್ಧಿಗೆ ಲಕ್ಷಣಗಳು ತಾವಾಗಿಯೇ ಹೊಳೆದವು!"

ಹಿಂದಿನ ಸಾಲಿನಲ್ಲಿ ದರ್ಜಿ ಗೊಣಗಿದ: "ಸಾವಿನ ಬಾಗಿಲು ತಟ್ಟಿ ಬಂದ್ರೂ ಜಂಭ ಇಳೀಲಿಲ್ಲ."

"ಬಾಯಿ ಮುಚ್ಕೊಂಡು ಚಪ್ಪಾಳೆ ತಟ್ಟು," ಎಂದಳು ಅಕ್ಕ.

ತಟ್ಟಿದ.