ಎಲ್ಲಿಗೆ ಎಂದು ಕೇಳುವವರು

ಕಾಯುವುದರಲ್ಲಿ ನನ್ನ ಭಾವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಾವೆಲ್ಲ ಕಾಯುವಾಗ ಗಡಿಯಾರ ನೋಡುತ್ತೇವೆ, ನಿಂತ ಕಾಲು ಬದಲಿಸುತ್ತೇವೆ, ಎದುರಿಗೆ ಸಿಕ್ಕವರ ಮೇಲೆ ರೇಗುತ್ತೇವೆ. ನನ್ನ ಅಕ್ಕನ ಗಂಡನಾದ ಈ ಮಹಾನುಭಾವರು ಮಾತ್ರ ಕಾಯುವುದೇ ಒಂದು ಉದ್ಯೋಗವೆಂಬಂತೆ ಬೆನ್ನು ನೆಟ್ಟಗೆ ಮಾಡಿ, ಬೂದುಬಣ್ಣದ ಹಳೆಯ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಪ್ರಸನ್ನವದನರಾಗಿ ನಿಂತುಬಿಡುತ್ತಾರೆ. ಫೋನನ್ನು ಅವರು ಕಿವಿಗೆ ಹಿಡಿಯುವುದೇ ಇಲ್ಲ. ಸ್ಪೀಕರ್ ಹಾಕಿ ಕೋಟಿನ ಮೇಲುಜೇಬಿಗೆ ಇಳಿಬಿಡುತ್ತಾರೆ. ಯಾವುದೋ ಬ್ಯಾಂಕು ಅಥವಾ ಕಂಪನಿ ಗ್ರಾಹಕರನ್ನು ಕಾಯಿಸುವಾಗ ಹಾಕುವ ಸಂಗೀತ ಅವರ ಎದೆಯಿಂದಲೇ ಹೊರಡುತ್ತಿರುತ್ತದೆ, ಅವರು ತಮ್ಮ ಪಾಡಿಗೆ ತಾವು ಬೀನ್ಸು ಹೆಚ್ಚುತ್ತಲೋ ಕುಂಡಗಳಿಗೆ ನೀರು ಹಾಕುತ್ತಲೋ ಓಡಾಡುತ್ತಿರುತ್ತಾರೆ. ಎದೆಯೊಳಗೆ ಬ್ಯಾಂಡ್‌ಸೆಟ್ ಇಟ್ಟುಕೊಂಡ ಗಂಡ ಬೇರೆ ಯಾರಿಗೂ ಸಿಕ್ಕಿಲ್ಲವೆಂದು ಅಕ್ಕ ನಗಾಡುತ್ತಾಳೆ.

ವೃತ್ತಿಜೀವನದ ಉದ್ದಕ್ಕೂ ಭಾವ ರೈಲು ನಿಲ್ದಾಣದ ಘೋಷಕರಾಗಿದ್ದರು. ಪ್ಲಾಟ್‌ಫಾರ್ಮಿನ ತುದಿಯ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಲ್ಲಿಗೆ ಬರುತ್ತದೆ, ಎಷ್ಟು ತಡವಾಗಿ ಬರುತ್ತದೆ, ಬರುತ್ತದೋ ಇಲ್ಲವೋ ಎಂದು ಸೇರಿದವರಿಗೆಲ್ಲ ಸಾರುವುದು ಅವರ ಕೆಲಸ. ಕಾಲಕ್ರಮೇಣ ಆ ಕೋಣೆಗೆ ಯಂತ್ರ ಬಂತು, ಭಾವ ಮನೆಗೆ ಬಂದರು. ಆದರೆ ಕೆಲಸ ಅವರ ಮೈಬಿಟ್ಟು ಹೋಗಲಿಲ್ಲ. ಇಂದಿಗೂ ಅವರು ಹೇಳಬೇಕಾದ್ದನ್ನು ಎರಡು ಸಲ ಹೇಳುತ್ತಾರೆ, ಮುಖ್ಯವಾದ ಪದಕ್ಕೆ ಮುಂಚೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾರೆ, ಮತ್ತು ಯಾವ ಸುದ್ದಿಯಲ್ಲೂ ಜಾಗವನ್ನು ಮೊದಲು, ಹೊತ್ತನ್ನು ಆಮೇಲೆ ತಿಳಿಸುತ್ತಾರೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ, ಕಾಫಿ, ಈಗ ಸಿದ್ಧವಾಗಿದೆ ಎಂದು ಅವರು ಎರಡು ಸಲ ಸಾರಿದ ಮೇಲೂ ನಾವು ಏಳದಿದ್ದರೆ, ಅದು ನಮ್ಮ ಹಣೆಬರಹ. ನಡಿಗೆಯೂ ಹಾಗೆಯೇ. ರಸ್ತೆಯ ಅಂಚಿರಲಿ, ಬಾಲ್ಕನಿಯ ಕಂಬಿಯಿರಲಿ, ಊಟದ ಮೇಜಿನ ಬದಿಯೇ ಇರಲಿ, ಅದಕ್ಕೆ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತಾರೆ, ಯಾವ ಕ್ಷಣದಲ್ಲಾದರೂ ಗಾಡಿ ನುಗ್ಗಿ ಬಂದೀತು ಎಂಬಂತೆ.

ಗಾಡಿ ತಡವಾದ ದಿನಗಳಲ್ಲಿ ಜನ ಆ ಗಾಜಿನ ಕೋಣೆಯ ಕಿಟಕಿಗೆ ಗುದ್ದುತ್ತಿದ್ದರಂತೆ. ಎಂಜಿನ್ನು ಕೆಟ್ಟಿದ್ದು ಎಲ್ಲೋ, ಹಳಿ ಸಡಿಲವಾದದ್ದು ಇನ್ನೆಲ್ಲೋ. ಆದರೆ ಜನರ ಕಣ್ಣಿಗೆ ಕಾಣುತ್ತಿದ್ದವರು, ಕೈಗೆ ಸಿಗುತ್ತಿದ್ದವರು ಇವರೊಬ್ಬರೇ. ಒಬ್ಬಾತ ಕೊರಳಪಟ್ಟಿ ಹಿಡಿದು ಎಳೆದಾಡಿ ಕೋಟಿನ ಮೇಲಿನ ಗುಂಡಿ ಕಿತ್ತುಹಾಕಿದ್ದನಂತೆ. ಆ ಜಾಗದಲ್ಲಿ ಈಗಲೂ ಬೇರೆ ಬಣ್ಣದ ಗುಂಡಿ ಇದೆ. ಆ ಬಗ್ಗೆ ಕೇಳಿದರೆ ಭಾವ ನಕ್ಕು ಒಂದೇ ಮಾತು ಹೇಳುತ್ತಾರೆ: "ತಡ ನನ್ನದಲ್ಲ, ದನಿ ಮಾತ್ರ ನನ್ನದು. ಪಾಪ, ಅವರು ಬೈಯೋದಾದ್ರೂ ಯಾರನ್ನ?" ಈ ಮಾತಿನ ಬೆಲೆ ನನಗೆ ಗೊತ್ತಾದದ್ದು ಅಮ್ಮನೂ ನಾನೂ ಮನೆ ಬದಲಾಯಿಸಿದ ಮೇಲೆ.

ಹೊಸ ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಅಮ್ಮನ ಮಂಡಿನೋವಿಗೆಂದೇ ಹುಡುಕಿದ ನೆಲಮಹಡಿ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ, ಒರಗಿ ಕೂರಲು ಅಗಲವಾದ ಕಿಟಕಿ. ಆದರೆ ಗೋಡೆಗಳು ಕೋಟೆಯಷ್ಟು ದಪ್ಪ. ಒಳಗೆ ಕಾಲಿಟ್ಟೊಡನೆ ಮೊಬೈಲ್ ಮೂರ್ಛೆ ಹೋಗುತ್ತಿತ್ತು. ಮಾತಾಡಬೇಕೆಂದರೆ ಗೇಟಿನ ಹೊರಗಿನ ಮೆಟ್ಟಿಲಿಗೆ ಹೋಗಬೇಕು, ಅಲ್ಲಿಯೂ ಬರಿಯ ದನಿಗಷ್ಟೇ ಸಿಗ್ನಲ್ಲು, ಚಿತ್ರಕ್ಕೆ ಇಲ್ಲ. ಇದ್ದ ಒಂದೇ ದಾರಿಯೆಂದರೆ ಹಳೆಯ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಇಲ್ಲಿಗೆ ತರಿಸಿಕೊಳ್ಳುವುದು. ಮನೆ ಬಿಡುವ ಮುಂಚೆಯೇ ಕಂಪನಿಗೆ ತಿಳಿಸಿದ್ದೆ. ಅವರು ಅಭಿನಂದನೆಯನ್ನೂ ಹೇಳಿದ್ದರು.

ಬೇರೆಯವರಿಗಾದರೆ ಇದೊಂದು ಸಣ್ಣ ತಾಪತ್ರಯ. ನಾಲ್ಕು ದಿನ ಸಿನಿಮಾ ನೋಡದಿದ್ದರಾಯಿತು. ಅಮ್ಮನಿಗೆ ಹಾಗಲ್ಲ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ದೂರದ ಊರಿನಲ್ಲಿ ಮಗನ ಜೊತೆಗಿದ್ದಾಳೆ. ಕಿವಿ ಅವಳಿಗೆ ಮೊದಲಿಂದಲೂ ಮಂದ. ಪಾರ್ಶ್ವವಾಯು ಬಡಿದ ಮೇಲೆ ಮಾತೂ ಹೋಯಿತು, ಬಲಗೈಯೂ ಹೋಯಿತು. ಅಂದಿನಿಂದ ಅಕ್ಕತಂಗಿಯರಿಗೆ ಉಳಿದದ್ದು ಸಂಜೆ ಹೊತ್ತಿನ ವಿಡಿಯೋ ಕರೆ ಒಂದೇ. ಇಲ್ಲಿ ಅಮ್ಮ ಟ್ಯಾಬನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಬೆಳ್ಳುಳ್ಳಿ ಸುಲಿಯುತ್ತಾಳೆ, ಬಟ್ಟೆ ಮಡಿಸುತ್ತಾಳೆ. ಅಲ್ಲಿ ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಾಳೆ. ನಡುನಡುವೆ ಎಡಗೈ ಎತ್ತುತ್ತಾಳೆ, ಅಮ್ಮನೂ ಎತ್ತುತ್ತಾಳೆ. ಅಷ್ಟೇ ಅವರ ಸಂಭಾಷಣೆ, ಆದರೆ ಅದಕ್ಕಾಗಿ ಇಬ್ಬರೂ ಮಧ್ಯಾಹ್ನದಿಂದಲೇ ತಲೆ ಬಾಚಿಕೊಂಡು ಕಾಯುತ್ತಿದ್ದರು.

ಆ ಸಂಜೆಗಳು ನಿಂತುಹೋದವು. ನಾನು ಮೆಟ್ಟಿಲ ಮೇಲೆ ನಿಂತು ಕಂಪನಿಗೆ ಫೋನು ಮಾಡುತ್ತ ಹೋದೆ. ಪ್ರತಿ ಸಲವೂ ಹೊಸ ದನಿ, ಪ್ರತಿ ಸಲವೂ ನನ್ನ ರಾಮಾಯಣ ಮೊದಲಿಂದ. ಒಬ್ಬರು ನಾಳೆ ಎನ್ನುವರು, ಇನ್ನೊಬ್ಬರು ನಾಳೆ ಖಂಡಿತ ಎನ್ನುವರು. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮಾತು, ಕೆಲಸ ಮಾತ್ರ ಶೂನ್ಯ. ನಾಳೆಯಾದಾಗ ಬೆಳಗಿನಿಂದ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದೆವು, ಯಾರೂ ಬರುತ್ತಿರಲಿಲ್ಲ. ಸಂಜೆ ಮೆಟ್ಟಿಲಿಗೆ ಹೋದರೆ ಫೋನಿಗೆ ಸಂದೇಶ ಬಂದು ಬಿದ್ದಿರುತ್ತಿತ್ತು: ತಾವು ಮನೆಯಲ್ಲಿ ಇಲ್ಲದ ಕಾರಣ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮತ್ತೆ ಫೋನು ಮಾಡಿ, ಸಿಕ್ಕ ದನಿಯ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಸುರಿಯುತ್ತಿದ್ದೆ.

ಅಷ್ಟರಲ್ಲಿ ಚಿಕ್ಕಮ್ಮನ ಮಗನ ಫೋನು ಬಂತು. ಸಂಜೆಯಾದರೆ ತನ್ನ ಅಮ್ಮ ತಾನೇ ಪರದೆಯ ಕಡೆ ಮುಖ ತಿರುಗಿಸಿ ಕೂರುತ್ತಾಳೆ, ಅದು ಕಪ್ಪಗೇ ಇದ್ದರೆ ಊಟ ಮುಟ್ಟುವುದಿಲ್ಲ, ಗೋಡೆಯ ಮೇಲಿರುವ ದೊಡ್ಡಮ್ಮನ ಫೋಟೋ ನೋಡಿ ನೋಡಿ ಅಳುತ್ತಾಳೆ ಎಂದ. ತನ್ನ ಅಕ್ಕ ತೀರಿಕೊಂಡಿದ್ದಾಳೆ, ತನಗೆ ಹೇಳದೆ ಎಲ್ಲರೂ ಮುಚ್ಚಿಡುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ ವಿಡಿಯೋ ತೆಗೆದು, ನನ್ನ ಆಫೀಸಿನಿಂದ ಕಳಿಸಿದೆ. ಚಿಕ್ಕಮ್ಮ ಅದನ್ನು ನೋಡಿ ಎಡಗೈ ಎತ್ತಿದಳಂತೆ, ಮತ್ತೆ ಎತ್ತಿದಳಂತೆ. ಚಿತ್ರದಲ್ಲಿದ್ದ ಅಕ್ಕ ಕೈ ಎತ್ತಲಿಲ್ಲ. ಫೋನನ್ನು ದೂರ ತಳ್ಳಿ ಮುಖ ತಿರುಗಿಸಿಬಿಟ್ಟಳಂತೆ. ಆ ಸಂಜೆ ಕಂಪನಿಯ ಸಂದೇಶ ಎಂದಿನಂತೆ ಬಂದಿತ್ತು, ತಾವು ಮನೆಯಲ್ಲಿ ಇಲ್ಲ ಎಂದು. ಅದನ್ನು ಓದಿ ಹೇಳಿದಾಗ ಅಮ್ಮ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. "ನಾನು ಇಲ್ಲೇ ಇದ್ದೀನಲ್ಲೇ," ಎಂದಳು. "ಇದ್ದೀನಿ ಅಂತ ಇನ್ನು ಯಾರಿಗೆ ಹೇಳೋದು?"

ಮಾರನೆಯ ಬೆಳಿಗ್ಗೆ ಭಾವ ಬಂದರು. ಅಕ್ಕನ ಮನೆಗೇ ಅಮ್ಮನನ್ನು ಕರೆದೊಯ್ಯೋಣವೆಂದರೆ ಅದು ಲಿಫ್ಟಿಲ್ಲದ ಕಟ್ಟಡದ ಮೇಲ್ಮಹಡಿ, ಅಮ್ಮನ ಮಂಡಿ ಅದನ್ನು ಕನಸಿನಲ್ಲೂ ಹತ್ತಲಾರದು. ಭಾವ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡು, ಮೆಟ್ಟಿಲ ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಂತು, ನನ್ನ ಫೋನಿನಿಂದಲೇ ಕರೆ ಹಚ್ಚಿ ಜೇಬಿಗೆ ಇಳಿಬಿಟ್ಟರು. ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಮೊದಲೇ ಮುದ್ರಿಸಿಟ್ಟ ದನಿಯೊಂದು ಮತ್ತೆ ಮತ್ತೆ ಉಲಿಯುತ್ತಿದ್ದಾಗ ನನಗೆ ಹಲ್ಲು ಕಡಿಯುವಂತಾಗುತ್ತಿದ್ದರೆ, ಭಾವ ತಲೆದೂಗಿ, ಈ ಹುಡುಗಿ ಉಸಿರನ್ನು ಸರಿಯಾದ ಜಾಗದಲ್ಲಿ ತೆಗೆದುಕೊಂಡಿದ್ದಾಳೆ, ಒಳ್ಳೆಯ ತರಬೇತಿ ಎಂದು ಮೆಚ್ಚಿಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಜೀವಂತ ದನಿಯೊಂದು ಬಂತು. ಹಿಂದಿನ ಯಾರದೋ ಬೈಗುಳ ಇನ್ನೂ ಮೈಮೇಲಿರುವಂಥ, ಮುಂದಿನದಕ್ಕೆ ಆಗಲೇ ತಯಾರಾದಂಥ ದನಿ. ಭಾವನಿಗೆ ಅದು ಹೇಗೆ ಕೇಳಿಸಿತೋ, "ಮೊದಲು ಒಂದು ಗುಟುಕು ನೀರು ಕುಡೀರಮ್ಮ. ನಾನೆಲ್ಲೂ ಹೋಗಲ್ಲ," ಎಂದರು. ಆ ಕಡೆಯಿಂದ ನಿಜಕ್ಕೂ ಲೋಟ ಇಟ್ಟ ಸದ್ದು. ಹುಡುಗಿಯ ದನಿ ಸಡಿಲವಾಗಿತ್ತು. ಅವಳು ದೂರನ್ನು ಹುಡುಕಿ, ಇಂದು ಖಂಡಿತ ಬರುತ್ತಾರೆ ಎಂದು ಶುರುಮಾಡುವಷ್ಟರಲ್ಲಿ ಭಾವ ಮೆಲ್ಲಗೆ ತಡೆದರು. "ಯಾವಾಗ ಬರ್ತಾರೆ ಅಂತ ನಾನು ಕೇಳಲ್ಲಮ್ಮ. ಎಲ್ಲಿಗೆ ಬರ್ತಾರೆ? ಎಲ್ಲಿಗೆ ಅನ್ನೋದನ್ನ ಮಾತ್ರ ನೋಡಿ ಹೇಳಿ."

ಅವಳು ಹೇಳಿದಳು. ಅದು ನಾವು ಬಿಟ್ಟುಬಂದ ಮನೆಯ ವಿಳಾಸ.

ನಮ್ಮ ಅರ್ಜಿಯಲ್ಲಿ ಹೊಸ ವಿಳಾಸವೇ ಇತ್ತಂತೆ. ಆದರೆ ತಂತಿ ಎಳೆಯುವವರಿಗೆ ಹೋಗುವ ಆದೇಶ ಮಾತ್ರ ಹಳೆಯ ಮನೆಗೇ ಅಂಟಿಕೊಂಡಿತ್ತು. ಅದನ್ನು ಅವಳು ಬದಲಿಸುವಂತಿಲ್ಲ. ಅರ್ಜಿ ರದ್ದುಮಾಡಿ ಮೊದಲಿಂದ ಶುರುಮಾಡಬೇಕು, ಅದಕ್ಕೆ ಇನ್ನೆಷ್ಟು ವಾರವೋ ಅವಳಿಗೂ ತಿಳಿಯದು. ನನ್ನ ಕೋಪ ನೆತ್ತಿಗೇರುತ್ತಿದ್ದುದನ್ನು ಕಂಡು ಭಾವ ಕೈ ಅಡ್ಡ ಮಾಡಿದರು. ಅಮ್ಮನ ಮತ್ತು ಚಿಕ್ಕಮ್ಮನ ವಿಷಯವನ್ನು ಯಾವ ಅಲಂಕಾರವೂ ಇಲ್ಲದೆ, ಗಾಡಿಯ ಸುದ್ದಿ ಹೇಳುವಷ್ಟು ಸರಳವಾಗಿ ಅವಳಿಗೆ ಹೇಳಿದರು. ಹುಡುಗಿ ದನಿ ತಗ್ಗಿಸಿದಳು. "ಸರ್, ಇದನ್ನ ನಾನು ಹೇಳಬಾರದು. ಇವತ್ತು ಮಧ್ಯಾಹ್ನ ಅವರು ಆ ಹಳೆ ಮನೆಗೇ ಹೋಗ್ತಾರೆ. ಅಲ್ಲಿ ಯಾರಾದ್ರೂ ನಿಂತಿದ್ರೆ ಒಳ್ಳೇದು." "ನಿಂತಿರ್ತೀವಿ," ಎಂದರು ಭಾವ, ಎರಡು ಸಲ.

ಹೀಗೆ ನಾವಿಬ್ಬರೂ ಬೀಗ ಹಾಕಿದ್ದ ಹಳೆಯ ಮನೆಯ ಮುಂದೆ, ಬಾರದ ನೆಂಟರನ್ನು ಎದುರುಗೊಳ್ಳಲು ಹೋದವರಂತೆ ನಿಂತೆವು. ನಾನು ಕಾಂಪೌಂಡಿನ ಮೇಲೆ ಕೂತೆ, ಎದ್ದೆ, ರಸ್ತೆಯ ತಿರುವಿನವರೆಗೆ ಹೋಗಿ ಬಂದೆ. ಭಾವ ಕದಲಲಿಲ್ಲ. ಬಿಸಿಲು ಅವರ ಬೂಟಿನಿಂದ ಮಂಡಿಗೆ, ಮಂಡಿಯಿಂದ ಆ ಬೇರೆ ಬಣ್ಣದ ಗುಂಡಿಗೆ ಏರುತ್ತಿತ್ತು. ಅಲ್ಲಿ ನಿಂತೇ ಅವರು ಒಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಗಾಡಿಯ ಹೊತ್ತನ್ನು ಸರಿಯಾಗಿ ಸಾರಿ, ಪ್ಲಾಟ್‌ಫಾರ್ಮ್ ಬದಲಾದದ್ದನ್ನು ಹೇಳಲು ಮರೆತರಂತೆ. ಮಗಳ ಬಾಣಂತನಕ್ಕೆ ಹೊರಟಿದ್ದ ಹೆಂಗಸೊಬ್ಬಳು ತನ್ನ ಗಾಡಿ ಎದುರಿನ ಹಳಿಯಿಂದ ಹೊರಟುಹೋಗುವುದನ್ನು ಗಂಟುಮೂಟೆಯ ಸಮೇತ ನೋಡುತ್ತ ನಿಂತಿದ್ದಳಂತೆ. ಅವಳು ಬೈಯಲೂ ಇಲ್ಲವಂತೆ. "ಹೊತ್ತು ಗೊತ್ತಿದ್ದು ಏನು ಬಂತಮ್ಮ, ನಿಲ್ಲೋ ಜಾಗ ಗೊತ್ತಿಲ್ಲದಿದ್ರೆ?" ಎಂದರು ಭಾವ. ಗುಂಡಿ ಕಿತ್ತವನನ್ನು ಅವರು ನಗುತ್ತ ನೆನೆಯುತ್ತಾರೆ, ಬೈಯದೆ ಹೋದ ಆ ಹೆಂಗಸನ್ನು ನೆನೆಯುವಾಗ ನಗುವುದಿಲ್ಲ.

ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಸ್ಕೂಟರಿಗೆ ಏಣಿ ಕಟ್ಟಿಕೊಂಡು ಆತ ಬಂದ. ನಮ್ಮನ್ನು ಕಂಡು ಬೆರಗಾದ. ಇಂದೂ ಬೀಗವೇ ಇರುತ್ತದೆ ಎಂದುಕೊಂಡೇ ಬಂದಿದ್ದನಂತೆ. ಪ್ರತಿ ಸಲವೂ ಈ ಗೇಟಿನ ಮುಂದೆ ನಿಂತು ನನ್ನ ಫೋನಿಗೆ ಕರೆ ಮಾಡಿದ್ದನಂತೆ. ನನ್ನ ಫೋನೋ ಆ ದಪ್ಪ ಗೋಡೆಗಳ ನಡುವೆ ಮೂರ್ಛೆ ಬಿದ್ದಿರುತ್ತಿತ್ತು. ನಾನು ಮನಸ್ಸಿನಲ್ಲಿ ಸೋಮಾರಿ, ಸುಳ್ಳ ಎಂದು ಕರೆದಿದ್ದ ಮನುಷ್ಯ ಒಂದು ದಿನವೂ ತಪ್ಪದೆ ಬಂದಿದ್ದ, ತಪ್ಪು ಬಾಗಿಲಿಗೆ. ಭಾವ ಅವನ ಕೈಕುಲುಕಿ ಹೊಸ ಮನೆಯ ಜಾಗವನ್ನು ಎರಡು ಸಲ ಹೇಳಿದರು. ಆತ ಮೇಲಧಿಕಾರಿಗೆ ಫೋನು ಮಾಡಿ ಒಪ್ಪಿಸಿದ, ಏಣಿಯನ್ನು ಬಿಗಿದು ಕಟ್ಟಿ, ನಮ್ಮ ಹಿಂದೆಯೇ ಬಂದ.

ಆ ಸಂಜೆ ಅಮ್ಮ ತಲೆ ಬಾಚಿಕೊಂಡು, ಟ್ಯಾಬನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಳು. ಚಿಕ್ಕಮ್ಮನ ಮುಖ ಮೂಡಿತು. ಬಹಳ ಇಳಿದುಹೋಗಿದ್ದಳು. ನೋಡಿದಳು, ನಂಬಲಿಲ್ಲ. ನಿಧಾನವಾಗಿ ಎಡಗೈ ಎತ್ತಿದಳು. ಅಮ್ಮ ಎತ್ತಿದಳು. ಚಿಕ್ಕಮ್ಮ ಕೈ ಇಳಿಸಿ, ಸ್ವಲ್ಪ ತಡೆದು, ಪರೀಕ್ಷೆ ಮಾಡುವವಳಂತೆ ತನ್ನ ಮೂಗು ಮುಟ್ಟಿದಳು. ಅಮ್ಮನೂ ಮೂಗು ಮುಟ್ಟಿದಳು. ಕಿವಿ ಹಿಡಿದಳು, ಅಮ್ಮನೂ ಕಿವಿ ಹಿಡಿದಳು. ಆಗ ಪಾರ್ಶ್ವವಾಯು ಉಳಿಸಿದ್ದ ಆ ಅರ್ಧ ಮುಖ ಅತ್ತಿತು, ನಕ್ಕಿತು, ಎರಡನ್ನೂ ಒಟ್ಟಿಗೇ ಮಾಡಿತು. ಬಾಗಿಲ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡು, ನಾನು ಎಷ್ಟೋ ವರ್ಷಗಳಿಂದ ಕೇಳಿರದ ಆ ತುಂಬು ದನಿಯಲ್ಲಿ, ಆದರೆ ಬಲು ಮೆಲ್ಲಗೆ ಸಾರಿದರು: "ಅಡುಗೆಮನೆಗೆ, ಸಕ್ಕರೆ ಡಬ್ಬಿಯ ಬಳಿಗೆ, ನಮ್ಮ ಚಿಕ್ಕತ್ತೆ... ಬಂದು ತಲುಪಿದ್ದಾರೆ." ಚಿಕ್ಕಮ್ಮನಿಗೆ ಕೇಳಿಸುವಂತಿರಲಿಲ್ಲ. ಅಮ್ಮ ನಕ್ಕದ್ದನ್ನು ನೋಡಿ ಅವಳೂ ಮತ್ತೆ ನಕ್ಕಳು. ನಾನು ನೀರು ಕುಡಿಯುವ ನೆಪದಲ್ಲಿ ಗೋಡೆಯ ಕಡೆ ತಿರುಗಿದೆ.

ಇಲ್ಲಿಗೆ ಮುಗಿಯಿತು ಎಂದರೆ ಭಾವನನ್ನು ಬಲ್ಲವರು ಒಪ್ಪುವುದಿಲ್ಲ. ಮರುದಿನ ಅವರು ಮತ್ತೆ ಅದೇ ಕಂಪನಿಗೆ ಕರೆ ಹಚ್ಚಿ, ಅದೇ ಸಂಗೀತವನ್ನು ಎದೆಯಲ್ಲಿಟ್ಟುಕೊಂಡು, ಊಟದ ಹೊತ್ತು ಮೀರುವವರೆಗೆ ಕಾದರು. ಆ ಹುಡುಗಿ ಸಿಗಲಿಲ್ಲ, ಬೇರೊಬ್ಬಳು ಸಿಕ್ಕಳು. ತಮಗೆ ದೂರೇನೂ ಇಲ್ಲ, ನಿನ್ನೆ ನೀರು ಕುಡಿದು ಮಾತಾಡಿದ ಹುಡುಗಿಗೆ, ತಂತಿ ಎಳೆದ ಹುಡುಗನಿಗೆ ಕೃತಜ್ಞತೆ ತಲುಪಿಸಬೇಕು ಎಂದರು. ಇವಳು ಹುಡುಕಿದಳು, ತಡಕಿದಳು. ಕೃತಜ್ಞತೆಯನ್ನು ಬರೆದುಕೊಳ್ಳುವ ಜಾಗವೇ ಅವರಲ್ಲಿ ಇರಲಿಲ್ಲ. ಕೊನೆಗೆ ಅದನ್ನೂ ದೂರುಗಳಲ್ಲೇ ಸೇರಿಸಿ ಒಂದು ಸಂಖ್ಯೆ ಕೊಟ್ಟಳು. ಸಂಜೆ ಸಂದೇಶ ಬಂತು, ತಮ್ಮ ದೂರನ್ನು ಪರಿಹರಿಸಲಾಗಿದೆ ಎಂದು. ಭಾವ ಅದನ್ನು ಅಳಿಸದೆ ಇಟ್ಟುಕೊಂಡಿದ್ದಾರೆ.

ಇನ್ನೊಬ್ಬರ ತಡಕ್ಕೆ ತಮ್ಮ ದನಿ ಕೊಟ್ಟು ಬದುಕಿದವರು ಲೋಕದಲ್ಲಿ ಅನೇಕರಿದ್ದಾರೆ. ಗಾಜಿನ ಕೋಣೆಗಳಲ್ಲಿ, ಕಿಟಕಿಗಳ ಹಿಂದೆ, ಫೋನಿನ ಆ ತುದಿಯಲ್ಲಿ. ಅವರಲ್ಲಿ ಕೆಲವರು ಕಲ್ಲಾಗುತ್ತಾರೆ, ಅದು ತಪ್ಪೆಂದು ನಾನು ಹೇಳಲಾರೆ. ಕೆಲವರು ಮಾತ್ರ ಭಾವನಂತಾಗುತ್ತಾರೆ. ಬೈಗುಳವೆಂಬುದು ಯಾವಾಗಲೂ ಕೈಗೆ ಸಿಕ್ಕವರ ಬಾಗಿಲಿಗೇ ಹೋಗಿ ನಿಲ್ಲುತ್ತದೆ, ಸರಿಯಾದ ಬಾಗಿಲಿಗೆ ಹೋಗುವುದು ಅಪರೂಪ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಅದಕ್ಕೇ ಏನೋ, ಕೃತಜ್ಞತೆಯಾದರೂ ದಾರಿ ತಪ್ಪದಿರಲಿ ಎಂದು, ಅದು ಎಲ್ಲಿಗೆ ತಲುಪಬೇಕೋ ಅಲ್ಲಿಯವರೆಗೂ ತಾವೇ ಜೊತೆಗೆ ಹೋಗಿ ಕಾದು ನಿಲ್ಲುತ್ತಾರೆ.