ದೋಟಿಯ ತುದಿಯ ಫೋನ್

ಕಕ್ಕಿಂಜೆಯ ಗುಡ್ಡದ ಮೇಲಿನ ಆ ಮನೆಗೆ ಇಂಟರ್ನೆಟ್ ಬರುವುದು ದೋಟಿಯ ತುದಿಯಿಂದ. ತೆಂಗಿನಕಾಯಿ ಕೀಳುವ ಉದ್ದದ ಕೋಲಿಗೆ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ, ಹಾಟ್‌ಸ್ಪಾಟ್ ಆನ್ ಮಾಡಿ, ಮನೆಯ ಹಂಚಿನ ಮಾಡಿಗೆ ಒರಗಿಸಿ ನಿಲ್ಲಿಸಬೇಕು. ಆಗ ಜಗಲಿಯಲ್ಲಿ ಕುಳಿತವರ ಟ್ಯಾಬಿಗೆ ನೆಟ್ ಸಿಗುತ್ತದೆ. ಕೆಳಗೆ ಮಾತಾಡುವಷ್ಟು ಸಿಗ್ನಲ್ ಹೇಗೋ ಉಂಟು, ನೆಟ್ ಇಲ್ಲ. ಮೇಲಿರುವ ಫೋನಿಗೆ ಯಾರಾದರೂ ಕರೆ ಮಾಡಿದರೆ ಬಂದ ನೆಟ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಕೇಬಲ್ ಎಳೆಯುತ್ತೇವೆಂದು ಅಳತೆ ತೆಗೆದುಕೊಂಡು ಹೋದವರು ಹೋದರು. ಅವರ ಮಾತು ಬಿಡಿ.

ಟ್ಯಾಬ್ ತಂದುಕೊಟ್ಟವನು ಆ ಮನೆಯ ಮಗ ಇಬ್ರಾಹಿಂ ಖಲೀಲ್. ಶಾರ್ಜಾದ ಸೂಪರ್‌ಮಾರ್ಕೆಟಿನಲ್ಲಿ ರಾತ್ರಿ ಪಾಳಿ ಅವನಿಗೆ. ಗಲ್ಫಿನವರು ಈಗ ಊರಿಗೆ ಮಾಮೂಲಿ ಫೋನ್ ಮಾಡುವುದಿಲ್ಲ, ಎಲ್ಲವೂ ಆ್ಯಪಿನಲ್ಲೇ; ಮನೆಯ ಸಿಮ್ಮಿನಿಂದ ಅಲ್ಲಿಗೆ ಕರೆ ಹೋಗುವುದೂ ಇಲ್ಲ. ಶುಕ್ರವಾರ ಅವನು ಕೋಣೆಯಿಂದ ಇಳಿದು, ಅದೇ ಕಟ್ಟಡದ ಕೆಳಗಿನ ನೀಲಿ ಬೋರ್ಡಿನ ಕೆಫೆಟೇರಿಯಾದ ಎದುರು ಚಹಾ ಹಿಡಿದು ನಿಲ್ಲುತ್ತಿದ್ದ. ಇಲ್ಲಿ ಹೆಂಡತಿ ಮುರ್ಶಿದಾ, ತಾಯಿ ಆಸ್ಯಮ್ಮ ಟ್ಯಾಬಿನ ಮುಂದೆ ಕೂರುತ್ತಿದ್ದರು.

ಅದೇ ನೀಲಿ ಬೋರ್ಡನ್ನು ಆ ಸೋಮವಾರ ಮಧ್ಯಾಹ್ನ ಮುರ್ಶಿದಾ ಮೊಯಿದಿನಬ್ಬರ ದಿನಸಿ ಅಂಗಡಿಯಲ್ಲಿ ಕಂಡಳು, ಅವರ ಮೊಬೈಲಿಗೆ ಬಂದ ವಿಡಿಯೊದಲ್ಲಿ. ಬೋರ್ಡಿನ ಮೇಲಿನ ಮಹಡಿಗಳೆಲ್ಲ ಧಗಧಗ ಉರಿಯುತ್ತಿದ್ದವು. ಬೆಳಿಗ್ಗೆ ಹತ್ತಿರದ ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಜರಿದು ಬಸ್ಸು ನಿಂತದ್ದನ್ನು ಮಾತಾಡುತ್ತಿದ್ದವರೆಲ್ಲ ಅವಳನ್ನೇ ನೋಡಿದರು. ರಾತ್ರಿ ಪಾಳಿಯವನು ಆ ಹೊತ್ತಿಗೆ ಮಲಗಿರುತ್ತಾನೆ. ಮುರ್ಶಿದಾ ಕಟ್ಟಿಸಿದ ಸಕ್ಕರೆ ಅಲ್ಲೇ ಬಿಟ್ಟು ಗುಡ್ಡ ಹತ್ತಿದಳು.

ಅತ್ತೆಗೆ ಹೇಳುವುದು ಬೇಡವೆಂದುಕೊಂಡಿದ್ದಳು. ಆದರೆ ಆಸ್ಯಮ್ಮ ಸೊಸೆಯ ಮುಖ ನೋಡಿಯೇ ಏನಾಯಿತೆಂದು ಕೇಳಿದರು, ಕೇಳಿ ಗೋಡೆ ಹಿಡಿದು ಕುಳಿತುಬಿಟ್ಟರು. ಟ್ಯಾಬ್ ಹಿಡಿದು ಮತ್ತೆ ಪೇಟೆಗೆ ಇಳಿಯುವ ಎಂದರೆ, ಅವರನ್ನು ಆ ಸ್ಥಿತಿಯಲ್ಲಿ ಒಬ್ಬರೇ ಬಿಡುವ ಹಾಗಿರಲಿಲ್ಲ. ಮುರ್ಶಿದಾ ದೋಟಿಗೆ ಫೋನ್ ಕಟ್ಟಿ ಎತ್ತಿದಳು. ಕೋಲು ಎರಡು ಸಲ ಜಾರಿತು.

ಟ್ಯಾಬಿನಲ್ಲಿ ನೆಟ್ ಬಂತು. ಆ್ಯಪ್ ತೆರೆಯುತ್ತಿತ್ತು, ಅಷ್ಟರಲ್ಲಿ ಮೇಲೆ ಫೋನ್ ಬಡಿದುಕೊಂಡಿತು. ನೆಟ್ ಹೋಯಿತು. ಇಳಿಸಿ ನೋಡಿದರೆ ಫರಂಗಿಪೇಟೆಯಿಂದ ನಾದಿನಿ ಮಿಸ್ರಿಯಾ, ಅಳುತ್ತಾ ಸುದ್ದಿ ಕೇಳುತ್ತಿದ್ದಾಳೆ. ಸುದ್ದಿ ಇದ್ದರೆ ತಾನೇ ಹೇಳುವುದು? ಮತ್ತೆ ಕಟ್ಟಿ ಎತ್ತಿದರೆ ಮೂಡಬಿದಿರೆಯ ಚಿಕ್ಕಪ್ಪ. ಆಮೇಲೆ ಬಂಟ್ವಾಳದವರು. ನಮ್ಮ ಕಡೆ ಕಷ್ಟ ಬಂದ ಮನೆಗೆ ಫೋನ್ ಮಾಡದಿದ್ದರೆ ಮುಗಿಯಿತು, ಮುಂದಿನ ಮದುವೆಯ ಊಟದಲ್ಲೂ ಅದೇ ಮಾತು. ಹಾಗಾಗಿ ಪ್ರೀತಿ ಇದ್ದವರು, ಇಲ್ಲದವರು ಎಲ್ಲರೂ ಮಾಡುತ್ತಿದ್ದರು. ಎತ್ತದಿದ್ದರೆ ಗಾಬರಿಯಾಗಿ ಮತ್ತೆ ಮಾಡುತ್ತಿದ್ದರು.

ಇನ್ನು ಯಾರು ಮಾಡಿದರೂ ಇಳಿಸುವುದಿಲ್ಲ ಎಂದು ಮುರ್ಶಿದಾ ಹಲ್ಲು ಕಚ್ಚಿ ಕುಳಿತಳು. ಮೇಲೆ ಫೋನ್ ಕೂಗಿತು, ನಿಂತಿತು, ಪುನಃ ಕೂಗಿತು. ನಡುವೆ ಒಮ್ಮೆ ನೆಟ್ ಬಂದು ಖಲೀಲನ ಹೆಸರು ಪರದೆಯ ಮೇಲೆ ಕಾಣಿಸಿತು. ಒತ್ತಿದಳು. ಆ ಕಡೆ ರಿಂಗ್ ಆಗಲೇ ಇಲ್ಲ. ಅವನ ಫೋನ್ ಆಫ್. ಯಾವತ್ತೂ ಆಫ್ ಆಗದ ಫೋನ್. ಇನ್ನೊಮ್ಮೆ ಒತ್ತುವಷ್ಟರಲ್ಲಿ ಮೇಲಿನಿಂದ ಮತ್ತೆ ಅದೇ ಬಡಿತ.

"ಇಳಿಸು ಮಗಳೇ," ಎಂದರು ಆಸ್ಯಮ್ಮ.

"ಬೇಡ ಮಾಮಿ. ಇವರಿಗೆಲ್ಲ ಉತ್ತರ ಕೊಡ್ತಾ ಕೂತರೆ ಅವರು ಸಿಗುವುದು ಯಾವಾಗ?"

"ಹೆದರಿ ಫೋನ್ ಮಾಡುವವರು ನಮಗೆ ಶತ್ರುಗಳಾ? ಇಳಿಸು."

ಮುರ್ಶಿದಾ ಟ್ಯಾಬಿನಿಂದ ತಲೆ ಎತ್ತಲಿಲ್ಲ. ಗಂಟುನೋವಿನಿಂದ ಗೋಡೆ ಹಿಡಿದೇ ನಡೆಯುವ ಆಸ್ಯಮ್ಮ ಆಗ ಎದ್ದರು. ಅಂಗಳಕ್ಕೆ ಹೋಗಿ ದೋಟಿಯನ್ನು ತಬ್ಬಿ ಎಳೆದರು. ಕೋಲು ಸೊಸೆಯ ಪಕ್ಕದಲ್ಲೇ ಬಿತ್ತು. ಅಷ್ಟಾದರೂ ಕವರಿನೊಳಗೆ ಫೋನ್ ಕೂಗುತ್ತಲೇ ಇತ್ತು. ಹೆಸರಿಲ್ಲದ, ಉದ್ದದ ನಂಬರು. ಆಸ್ಯಮ್ಮ ಕವರಿನ ಮೇಲಿನಿಂದಲೇ ಒತ್ತಿದರು.

"ಉಮ್ಮಾ," ಎಂದಿತು ಫೋನ್. "ಎಷ್ಟು ಹೊತ್ತಿನಿಂದ ಮಾಡ್ತಾ ಇದ್ದೇನೆ, ಯಾಕೆ ಎತ್ತುವುದಿಲ್ಲ? ಇಲ್ಲಿ ಎಲ್ಲರ ಫೋನಿನಲ್ಲೂ ಚಾರ್ಮಾಡಿ ಗುಡ್ಡ ಜರಿದ ವಿಡಿಯೊ. ನೀವೆಲ್ಲ ಇದ್ದೀರಾ?"

ಖಲೀಲನ ದನಿ. ಮುರ್ಶಿದಾ ಟ್ಯಾಬ್ ಬಿಟ್ಟು ಅಂಗಳಕ್ಕಿಳಿದಳು.

"ನಾವು ಇದ್ದೇವೆ," ಎಂದರು ಆಸ್ಯಮ್ಮ. "ನೀನು ಇದ್ದೀಯಾ?"

ಅವನು ಅಳುತ್ತಲೇ ಹೇಳಿದ. ಬೆಂಕಿ ಹತ್ತಿದಾಗ ಚಹಾ ಕುಡಿಯಲು ಇಳಿದಿದ್ದನಂತೆ, ಫೋನ್ ಕೋಣೆಯಲ್ಲೇ ಸುಟ್ಟುಹೋಯಿತಂತೆ. ಯಾರೋ ಗುರುತಿಲ್ಲದವರ ಮೊಬೈಲ್ ಬೇಡಿಕೊಂಡಿದ್ದಾನೆ. ಬಾಯಿಪಾಠ ಬರುವ ನಂಬರು ಇದೊಂದೇ ಎಂದ. ಅಷ್ಟರಲ್ಲಿ ಆ ಪುಣ್ಯಾತ್ಮ ಫೋನ್ ವಾಪಸು ಕೇಳಿರಬೇಕು, ಕರೆ ಕಡಿಯಿತು.

ಮುರ್ಶಿದಾ ಜಗಲಿಯ ಅಂಚಿನಲ್ಲಿ ಕುಳಿತ ಅತ್ತೆಯ ಮಡಿಲಿಗೆ ತಲೆ ಇಟ್ಟು, ಅಂಗಳದ ಕೆಸರಿನಲ್ಲೇ ಕುಳಿತು ಬಿಕ್ಕಿದಳು. ಫೋನ್ ಮತ್ತೆ ಕೂಗಿತು. ಮಿಸ್ರಿಯಾ. ಮೊದಲ ರಿಂಗಿಗೇ ಎತ್ತಿದಳು.

"ಇದ್ದಾರೆ," ಎಂದಳು.

ಆ ಸಂಜೆಯಿಡೀ ಕರೆಗಳು ಬಂದವು. ದೋಟಿಯನ್ನು ಯಾರೂ ಎತ್ತಲಿಲ್ಲ.