ಚನ್ನವ್ವ ಹೇಳದೆ ಬಿಟ್ಟ ಸಿಗಡಿಗಳು

ಒಂದೇ ಒಲೆಯ ಮನೆಗೆ ಕಿರಿಸೊಸೆ ಬಂದರೆ ಹಿರಿಸೊಸೆಯ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನಮ್ಮ ಉಳಿತಾಯ ಸಂಘದ, ಅಂದರೆ ಬಚತ್ ಗಟದ, ಅಕ್ಕತಂಗಿಯರಿಗೆ ನಾನು ಹೇಳಬೇಕಾಗಿಲ್ಲ. ನಾನು ನೇಸರಿಯ ಚನ್ನವ್ವ. ನನಗೂ ಅದೇ ಆಯಿತು. ಆದರೆ ನನ್ನ ಹೊಟ್ಟೆಕಿಚ್ಚು ಹೋಗಿ ಮುಟ್ಟಿದ್ದು ಮೀನಿನ ತೊಟ್ಟಿಗೆ.

ನಮ್ಮ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ನನ್ನ ಆರು ಕಪ್ಪು ಮೋಲಿ ಮೀನುಗಳಿದ್ದವು. ಡೇರಿಗೆ ಹಾಲು ಹಾಕಿ ಬರುವವರೆಲ್ಲ ಹೊಸ್ತಿಲಲ್ಲಿ ನಿಂತು ನೋಡಿ, ಚಂದ ಸಾಕಿದ್ದೀ ಚನ್ನವ್ವಾ ಎಂದು ಹೇಳಿ ಹೋಗುತ್ತಿದ್ದರು. ಆ ಒಂದು ಮಾತಿಗೆ ನಾನು ಎಷ್ಟು ಕಾಯುತ್ತಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು.

ಹೋದ ವರ್ಷ ಮೈದುನನ ಮದುವೆಯಾಗಿ ಇಚಲಕರಂಜಿಯಿಂದ ಪ್ರೇರಣಾ ನಮ್ಮ ಮನೆಗೆ ಬಂದಳು. ದೀಪಾವಳಿಗೆ ತವರಿಗೆ ಹೋದವಳು ತಿರುಗಿ ಬರುವಾಗ ಒಂದು ನೀರಿನ ಚೀಲವನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಳು. ಒಳಗೆ ಉಗುರಿನಷ್ಟುದ್ದದ ಇಪ್ಪತ್ತು ಕೆಂಪು ಸಿಗಡಿ, ನಾಲ್ಕು ಬಸವನಹುಳು. ನನ್ನನ್ನು ಕೇಳಿಯೇ ತೊಟ್ಟಿಗೆ ಬಿಟ್ಟಳು. ಸಿಗಡಿ ಎಂಬ ಹೆಸರಿಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ನಮ್ಮತ್ತೆ ಮುದಕವ್ವ, ಎಂಟೇ ದಿನದಲ್ಲಿ ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕೂತುಬಿಟ್ಟರು. ನನ್ನ ಮೀನಿನ ಕಡೆ ಒಂದು ದಿನ ಕತ್ತು ತಿರುಗಿಸಿದವರಲ್ಲ. ಬಂದವರೂ ನನ್ನನ್ನು ಬಿಟ್ಟು ಪ್ರೇರಣಾಳನ್ನೇ ಕರೆದು ಮಾತಾಡಿಸತೊಡಗಿದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಸಂಕ್ರಾಂತಿಯ ಚಳಿಯಲ್ಲಿ ನನ್ನ ಮೋಲಿಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಮೀನುಗಳು ಮೈಯನ್ನು ಕಲ್ಲಿಗೆ ತಿಕ್ಕಿಕೊಳ್ಳುತ್ತಿದ್ದವು, ಮೇವು ಬಿಟ್ಟವು. ಒಂದು ಸತ್ತೇ ಹೋಯಿತು. ಇದೆಲ್ಲ ಅವಳ ಸಿಗಡಿ ತಂದ ಪೀಡೆ ಎಂದು ಒಳಗೇ ಶಪಿಸುತ್ತ ಗಡಹಿಂಗ್ಲಜದ ಬಸ್ಸು ಹತ್ತಿದೆ.

ಅಲ್ಲಿ ರುತುಜಾ ಎಂಬ ಹುಡುಗಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾಳೆ. ಫೋನಿನಲ್ಲಿದ್ದ ಫೋಟೋ ನೋಡಿದವಳೇ ಬಿಳಿಚುಕ್ಕೆ ರೋಗ ಎಂದಳು. ಔಷಧ ಕೈಗೆತ್ತಿಕೊಳ್ಳುವ ಮೊದಲು ಕೇಳಿದಳು.

"ವೈನಿ, ತೊಟ್ಟ್ಯಾಗ ಮೀನ ಬಿಟ್ಟು ಮತ್ತೇನರ ಅದಾವೇನ್ರಿ? ಸಿಗಡಿ, ಬಸವನಹುಳ?"

"ಇಲ್ಲವ್ವಾ. ಬರೇ ಮೀನ."

ಅಷ್ಟು ಸಲೀಸಾಗಿ ಬಾಯಿಂದ ಬಂತು. ಅವಳು ನಂಬಿ ಒಂದು ಬಾಟಲಿ ಕೊಟ್ಟಳು. "ಇದರಾಗ ತಾಮ್ರ ಐತ್ರಿ. ಅಳತಿ ಮೀರಬ್ಯಾಡ್ರಿ. ಸಿಗಡಿ ಇದ್ದಿದ್ರ ನಾ ಇದನ್ನ ಕೊಡತಿರಲಿಲ್ಲ, ಅವಕ್ಕ ಇದು ವಿಷ."

ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳಲಾರೆ. ಮೆಣಸಿನ ಗಿಡಕ್ಕೆ ನಾವು ಮೈಲುತುತ್ತ ಹೊಡೆಯುತ್ತೇವೆ. ಅದರಲ್ಲಿರುವುದೂ ತಾಮ್ರವೇ. ಅದು ಬಿದ್ದಲ್ಲಿ ಬಸವನಹುಳು ಸುಳಿಯುವುದಿಲ್ಲ ಎಂಬುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಮನೆಗೆ ಬಂದವಳೇ, ಪ್ರೇರಣಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಔಷಧ ಅಳೆದು ತೊಟ್ಟಿಗೆ ಹಾಕಿದೆ.

ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಅತ್ತೆಯ ದನಿ ಬಂತು.

"ಪ್ರೇರಣಾ, ಬಾ ಇಲ್ಲೆ. ಇವತ್ತ ನಿನ್ನ ಸಿಗಡಿ ಹೆಂಗ ಕುಣಿಯಾಕತ್ತಾವ ನೋಡ."

ಅವು ಕುಣಿಯುತ್ತಿರಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಒದ್ದೆ ಕೈಯಲ್ಲೇ ಓಡಿ ಬಂದ ಪ್ರೇರಣಾ ನನ್ನ ಕೈಯಲ್ಲಿದ್ದ ಬಾಟಲಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಕಣ್ಣಲ್ಲಿ ನೀರಿತ್ತು.

"ತಪ್ಪ ನಂದರಿ ಅಕ್ಕಾ. ನನ್ನ ಸಿಗಡಿಯಿಂದನ ನಿಮ್ಮ ಮೀನಿಗೆ ಬ್ಯಾನಿ ಬಂದೈತಿ ಅಂತ ನಿನ್ನೇನ ಅವ್ವಗ ಫೋನ್ ಮಾಡಿದ್ದೆ. ರವಿವಾರ ಬಂದು ಎಲ್ಲಾ ಒಯ್ಯಾಕಿ ಇದ್ದಳು."

ಅಕ್ಕತಂಗಿಯರೇ, ಆಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ರುತುಜಾಳಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಸುಳ್ಳು ಹೇಳಿದೆನೆಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಔಷಧ ತಾಗದ, ಆಗಲೇ ತುಂಬಿಟ್ಟ ನೀರಿಗೆ ಸಿಗಡಿಗಳನ್ನು ಹಾಕಿ ಎಂದಳು. ಪ್ರೇರಣಾ ಅಡುಗೆಮನೆಯ ಹಂಡೆಯ ಕಡೆ ಓಡಿದಳು. ತುಂಬಿಟ್ಟ ನೀರು ಅಲ್ಲೇ ಇರುತ್ತದೆ. ಯಾವ ಹಂಡೆ ಎಂದು ಕೇಳಿದ ರುತುಜಾ ಅವಳನ್ನು ತಡೆದಳು. ತಾಮ್ರದ ಹಂಡೆಯ ನೀರು ಸಿಗಡಿಗೆ ಬೇಡವೇ ಬೇಡ ಎಂದಳು.

ಅತ್ತೆಗೆ ಅದು ಒಪ್ಪಲಿಲ್ಲ. "ಐವತ್ತ ವರ್ಷ ಆತು, ದಿನಾ ಮುಂಜಾನೆ ಅದನ್ನ ಕುಡಿತೇನಿ. ನನಗೇನಾಗೇತಿ?"

"ನೀವು ನೀರ ಕುಡಿತೀರಿ ಆಯಿ. ಅವು ನೀರಾಗನ ಉಸರಾಡ್ತಾವ್ರಿ," ಎಂದಳು ರುತುಜಾ.

ಅತ್ತೆ ತಾವೇ ಎದ್ದು, ಅಂಗಳದ ಪ್ಲಾಸ್ಟಿಕ್ ಬ್ಯಾರಲ್ ತೋರಿಸಿದರು. ಒಂಬತ್ತು ಸಿಗಡಿ ಉಳಿದವು. ಬಸವನಹುಳು ಒಂದೂ ಉಳಿಯಲಿಲ್ಲ. ಸತ್ತವು ಕೊಳೆತರೆ ಮೀನಿಗೂ ಕೇಡು ಎಂದು ರುತುಜಾ ಹೇಳಿದ್ದರಿಂದ ಅವನ್ನು ಒಂದೊಂದಾಗಿ ನಾನೇ ಹೆಕ್ಕಿ ತೆಗೆದೆ. ಆ ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ.

ಮೀನುಗಳು ಅದೇ ತೊಟ್ಟಿಯಲ್ಲಿ ಔಷಧ ಮುಗಿಸಿ ಗುಣವಾದವು. ಆದರೆ ತಳದ ಕಲ್ಲಿಗೆ ತಾಮ್ರ ಹಿಡಿದಿದೆ, ಸಿಗಡಿಗಳನ್ನು ಇನ್ನು ಅಲ್ಲಿಗೆ ಬಿಡುವಂತಿಲ್ಲ. ಅವುಗಳಿಗೆ ಬೇರೆ ಗಾಜಿನ ತೊಟ್ಟಿ ಬಂದಿದೆ. ಮನೆಗೆ ಬಂದವರು ಈಗ ನೇರ ಅಲ್ಲಿಗೇ ಹೋಗುತ್ತಾರೆ. ನನಗೆ ಇವತ್ತಿಗೂ ಸ್ವಲ್ಪ ಉರಿಯುತ್ತದೆ. ಆದರೆ ಅವಕ್ಕೆ ದಿನಾ ಮೇವು ಹಾಕುವವಳು ನಾನೇ.

ನಿಮ್ಮ ತೊಟ್ಟಿಯಲ್ಲಿ ಮೀನಿನ ಜೊತೆ ಸಿಗಡಿ, ಬಸವನಹುಳು ಇದ್ದರೆ, ಮೀನಿಗೆ ರೋಗ ಬಂದಾಗ ಔಷಧವನ್ನು ತೊಟ್ಟಿಗೆ ಸುರಿಯಬೇಡಿ. ಮೀನುಗಳನ್ನೆಲ್ಲ ಬೇರೆ ಟಬ್ಬಿಗೆ ತೆಗೆದು, ಗಾಳಿಯ ಕೊಳವೆ ಹಾಕಿ, ಅಲ್ಲೇ ಔಷಧ ಕೊಡಿ. ಚುಕ್ಕೆ ಮಾಯವಾಯಿತೆಂದು ನಡುವೆ ನಿಲ್ಲಿಸಬೇಡಿ. ಟಬ್ಬಿನಲ್ಲಿ ಮೀನು ಹಿಡಿದ ಜಾಳಿಗೆಯನ್ನು ತೊಟ್ಟಿಗೆ ಅದ್ದಬೇಡಿ. ಮೂರು ನಾಲ್ಕು ವಾರ ಮೀನಿಲ್ಲದಿದ್ದರೆ ತೊಟ್ಟಿಯಲ್ಲಿನ ಬಿಳಿಚುಕ್ಕೆಯ ಹುಳ ತಾನಾಗಿ ಸಾಯುತ್ತದೆ. ಬಾಟಲಿಯ ಮೇಲೆ ಬರೆದದ್ದನ್ನು ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ.

ಮತ್ತು ಅಂಗಡಿಯಲ್ಲಿ ತೊಟ್ಟಿಯೊಳಗೆ ಏನೇನಿದೆ ಎಂದು ಕೇಳಿದರೆ ಎಲ್ಲವನ್ನೂ ಹೇಳಿ. ನಿಮಗೆ ಸೇರದವರು ತಂದು ಬಿಟ್ಟದ್ದನ್ನು ಮೊದಲು ಹೇಳಿ.